ಎರಡು ನಿಮಿಷಕ್ಕೊಂದು ಚಮಚ

ಮೊದಲು ಬಂದದ್ದು ವಾಂತಿ. 2024ರ ಜನವರಿ, ಸಂಕ್ರಾಂತಿ ಮುಗಿದು ಮೂರು ದಿನ ಆಗಿತ್ತು. ಮನೆಯಲ್ಲಿ ಎಳ್ಳುಬೆಲ್ಲದ ಡಬ್ಬಿ ಇನ್ನೂ ತಳ ಕಂಡಿರಲಿಲ್ಲ. ನಮ್ಮ ಪುಟ್ಟಿಗೆ ಆಗ 11 ತಿಂಗಳು. ರಾತ್ರಿ ರಾಗಿ ಸರಿ ತಿಂದು ನನ್ನ ಹೆಗಲ ಮೇಲೆ ತಲೆ ಇಟ್ಟವಳು, ಒಂದು ಸದ್ದೂ ಇಲ್ಲದೆ, ತಿಂದದ್ದಷ್ಟನ್ನೂ ನನ್ನ ಬೆನ್ನ ಮೇಲೆ ಇಳಿಸಿದಳು. "ಯಾರೋ ಇದರ ಬಾಯಿಗೆ ಎಳ್ಳು ಇಟ್ಟಿದ್ದೀರಿ" ಎಂದು ನನ್ನ ಹೆಂಡತಿ ಎಲ್ಲರ ಮುಖ ನೋಡಿದಳು. ಯಾರೂ ಒಪ್ಪಿಕೊಳ್ಳಲಿಲ್ಲ. ಮಗುವಿನ ಮೈ ಸ್ವಲ್ಪ ಬಿಸಿ ಇತ್ತು. ಚಳಿಗೆ ಇರಬೇಕು ಅಂದುಕೊಂಡು ಮಲಗಿದೆವು.

ಬೆಳಗಿನ ಜಾವ ಐದಕ್ಕೆ ಭೇದಿ ಶುರುವಾಯಿತು. ಭೇದಿ ಅಂದರೆ ನನ್ನ ತಲೆಯಲ್ಲಿ ಇದ್ದದ್ದೇ ಬೇರೆ. ಇದು ಬರೀ ನೀರು. ತೆಳು ಹಳದಿ, ಹುಳಿ ವಾಸನೆ, ನಲ್ಲಿ ತಿರುಗಿಸಿದ ಹಾಗೆ. ಮಧ್ಯಾಹ್ನದೊಳಗೆ ಒಂಬತ್ತು ಸಲ ಆಯಿತು. ಎಣಿಸಿದ್ದು ನಾನಲ್ಲ, ನಮ್ಮಮ್ಮ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕ ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತಿದ್ದಳು. ಆಗ ನನಗೆ ನಗು ಬಂದಿತ್ತು. ಮಾರನೇ ದಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಗೆ ನಮ್ಮ ಹತ್ತಿರ ಇದ್ದ ಒಂದೇ ಒಂದು ನಿಖರ ಉತ್ತರ ಆ ಗೀಟುಗಳೇ.

ಅಮ್ಮ ಹೇಳಿದ ಕಾರಣ ಮಾತ್ರ ಎಲ್ಲರ ಮನೆಯಲ್ಲೂ ಹೇಳುವುದೇ: "ಹಲ್ಲು ಬರ್ತಿದೆ ಕಣೋ, ಅದಕ್ಕೆ ಹೊಟ್ಟೆ ಹೋಗ್ತಿದೆ." ಸಾಣೆಕಲ್ಲಿನ ಮೇಲೆ ಜಾಯಿಕಾಯಿ ಎರಡು ಸುತ್ತು ತೇಯ್ದು ನಾಲಗೆಗೆ ಹಚ್ಚಿದಳು. ನಾನು ಬೇಡ ಅನ್ನಲಿಲ್ಲ. ನನಗೂ ಹಚ್ಚಿಯೇ ಬೆಳೆಸಿದ್ದಲ್ವಾ ಅನ್ನಿಸಿತು. ಪುಟ್ಟಿಯ ಕೆಳಗಿನ ಎರಡು ಹಲ್ಲು ಆಗಲೇ ಬಂದಾಗಿತ್ತು, ಮೇಲಿನದು ಉಬ್ಬಿತ್ತು. ಹಾಗಾಗಿ ಆ ಮಾತು ಸರಿ ಅನ್ನಿಸಿ ಅರ್ಧ ದಿನ ಹಾಗೇ ಹೋಯಿತು. ಆ ವಯಸ್ಸಿನಲ್ಲಿ ಯಾವ ಮಗುವಿಗೆ ಏನು ಕಾಯಿಲೆ ಬಂದರೂ ಒಂದಲ್ಲ ಒಂದು ಹಲ್ಲು ಬರುತ್ತಲೇ ಇರುತ್ತದೆ. ಈ ಸರಳ ವಿಷಯ ಆಗ ಹೊಳೆಯಲಿಲ್ಲ.

ನಮ್ಮದು ತಿಪಟೂರು ಸೀಮೆ. ಮನೆ ಹಿಂದೆಯೇ ತೋಟ. ಜ್ವರ ಬರಲಿ, ಉರಿಮೂತ್ರ ಬರಲಿ, ಬೇಸಿಗೆ ಬರಲಿ, ಮೊದಲು ಮರ ಹತ್ತಿಸಿ ಎಳನೀರು ಕೆಡವುವುದು. ಅವತ್ತೂ ನಾಲ್ಕು ಕೆಡವಿಸಿದೆ. ಪುಟ್ಟಿ ಸ್ವಲ್ಪ ಕುಡಿದಳು, ಸ್ವಲ್ಪ ಕಕ್ಕಿದಳು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ, ಭೇದಿಯಲ್ಲಿ ಮುಖ್ಯವಾಗಿ ಕಳೆದುಹೋಗುವುದು ನೀರು ಮತ್ತು ಸೋಡಿಯಂ ಎಂದು ಆಮೇಲೆ ತಿಳಿಯಿತು. ಕುಡಿಸಿದರೆ ತಪ್ಪಲ್ಲ, ಆದರೆ ಅದನ್ನೇ ನಂಬಿ ಕೂರಬಾರದಂತೆ. ತೆಂಗಿನ ನಾಡಿನಲ್ಲಿ ಈ ಮಾತು ಜೋರಾಗಿ ಹೇಳಿದರೆ ಜಗಳಕ್ಕೆ ಬರುತ್ತಾರೆ.

ಸಂಜೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಹೆಸರು ಬೇಡ. ಅವರು ಮಗುವನ್ನು ನೋಡಿದ್ದು ಎರಡು ನಿಮಿಷ. ಒಂದು ಆಂಟಿಬಯಾಟಿಕ್ ಸಿರಪ್, ವಾಂತಿಗೆ ಒಂದು ಸಿರಪ್, ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿಯ ಒಂದು ಓಆರ್‌ಎಸ್ ಪ್ಯಾಕೆಟ್ ಬರೆದುಕೊಟ್ಟರು. "ಹಾಲು ನಿಲ್ಲಿಸಿ, ಎದೆಹಾಲೂ ಎರಡು ದಿನ ಬೇಡ" ಅಂದರು. ಓಆರ್‌ಎಸ್ ಹೇಗೆ ಕಲಸಬೇಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಲು ನಾಚಿಕೆ. ಯಾಕೆಂದರೆ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಆ ವರ್ಷವೇ 9ನೇ ತರಗತಿಗೆ ಅಭಿಸರಣೆಯ ಪಾಠ ಮಾಡಿದ್ದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಊದಿಕೊಳ್ಳುತ್ತದೆ. ಊದಿದ ದ್ರಾಕ್ಷಿಯನ್ನು ಗಟ್ಟಿ ಸಕ್ಕರೆ ನೀರಿಗೆ ಹಾಕಿದರೆ ಒಳಗಿನ ನೀರು ಹೊರಗೆ ಬಂದು ಮತ್ತೆ ಸುಕ್ಕುತ್ತದೆ. ಮಕ್ಕಳ ಕೈಯಲ್ಲೇ ಮಾಡಿಸಿ, ಪ್ರಶ್ನೆ ಕೇಳಿ, ಉತ್ತರ ಬರೆಸಿ, ರುಜು ಹಾಕಿದ್ದೆ. ಅದೇ ಮನುಷ್ಯ ಮನೆಗೆ ಬಂದು, ಕತ್ತರಿಯಲ್ಲಿ ಪ್ಯಾಕೆಟ್ ಕತ್ತರಿಸಿ, ಒಂದು ಲೋಟ ನೀರಿಗೆ ಅರ್ಧ ಪ್ಯಾಕೆಟ್ ಸುರಿದೆ. ಸ್ಟ್ರಾಂಗ್ ಇದ್ದರೆ ಬೇಗ ಹಿಡಿಯುತ್ತದೆ ಎಂಬ ಲೆಕ್ಕಾಚಾರ. ಪ್ಯಾಕೆಟ್ ಮೇಲೆ "1 ಲೀಟರ್ ನೀರಿಗೆ" ಎಂದು ಅಚ್ಚಾಗಿತ್ತು. ನಾನು ಓದಿರಲಿಲ್ಲ. ಆ ಉಪ್ಪು, ಆ ಸಕ್ಕರೆ, ಎರಡೂವರೆ ಪಟ್ಟು ಗಟ್ಟಿ. ಅಂಥದ್ದು ಕರುಳಿಗೆ ಹೋದರೆ ಮೈಯ ನೀರನ್ನು ಇನ್ನಷ್ಟು ಕರುಳಿಗೇ ಎಳೆಯುತ್ತದೆ. ದ್ರಾಕ್ಷಿ ನನ್ನ ಮಡಿಲಲ್ಲೇ ಇತ್ತು, ನಾನೇ ನೋಡಲಿಲ್ಲ.

ಪುಟ್ಟಿ ನಾಲ್ಕೈದು ಚಮಚ ಕುಡಿದು ಮುಖ ಕಿವುಚಿ ಉಗಿದಳು. ಅದೇ ಪುಣ್ಯ. "ಇದು ಇವಳಿಗೆ ಸೇರಲ್ಲ" ಎಂದು ತೀರ್ಮಾನಿಸಿ ಮೆಡಿಕಲ್ ಸ್ಟೋರ್‌ಗೆ ಓಡಿದೆ. ಅಲ್ಲಿ ಕಿತ್ತಳೆ ರುಚಿಯ ರೆಡಿಮೇಡ್ ಡಬ್ಬಿ ಇತ್ತು, ಮೇಲೆ ದೊಡ್ಡದಾಗಿ ಓಆರ್‌ಎಸ್ ಎಂದೇ ಬರೆದಿತ್ತು. ಅದನ್ನು ಪುಟ್ಟಿ ಖುಷಿಯಾಗಿ ಕುಡಿದಳು. ರಾತ್ರಿಯಿಡೀ ಇನ್ನೂ ಜಾಸ್ತಿ ಭೇದಿಯಾಯಿತು. ಅದು ಓಆರ್‌ಎಸ್ ಅಲ್ಲ, ಸಕ್ಕರೆ ಪಾನಕ ಎಂದು ಗೊತ್ತಾಗಿದ್ದು ಆಸ್ಪತ್ರೆಯಲ್ಲಿ. ಸರಿಯಾದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಅಷ್ಟೇ. ಈ ಡಬ್ಬಿಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ, ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಪದ ಹಾಕಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿತು. ಆ ಸುದ್ದಿ ಓದಿದ ದಿನ ನನಗೆ ಆ ಕಿತ್ತಳೆ ಡಬ್ಬಿ, ಅದರ ಸ್ಟ್ರಾ, ಅದನ್ನು ಚೀಪುತ್ತಿದ್ದ ಬಾಯಿ ಎಲ್ಲ ಕಣ್ಣ ಮುಂದೆ ಬಂತು.

ಶನಿವಾರ ಬೆಳಗಿನ ಕ್ಲಾಸ್ ಮುಗಿಸಿ ಮನೆಗೆ ಬಂದಾಗ ಮಗು ಅಳುತ್ತಿತ್ತು. ಆದರೆ ಏನೋ ಸರಿ ಇರಲಿಲ್ಲ. ಏನು ಎಂದು ಮೊದಲು ತಿಳಿಯಲಿಲ್ಲ. ಸದ್ದು ಇದೆ, ಬಾಯಿ ತೆರೆದಿದೆ, ಮುಖ ಕೆಂಪಾಗಿದೆ, ಆದರೆ ಕೆನ್ನೆ ಒಣಗಿದೆ. ಒಂದು ಹನಿ ಕಣ್ಣೀರಿಲ್ಲ. ಅಮ್ಮ ನೆತ್ತಿಗೆ ಹರಳೆಣ್ಣೆ ಹಚ್ಚಲು ಕೈ ಇಟ್ಟವಳು ಹಾಗೇ ನಿಂತುಬಿಟ್ಟಳು. "ನೆತ್ತಿ ಗುಳಿ ಬಿದ್ದಿದೆ. ಇನ್ನು ನನ್ನ ಕೈಲಾಗಲ್ಲ, ಗಾಡಿ ತೆಗಿ" ಅಂದಳು. ನಾನೂ ಬೆರಳಿಟ್ಟು ನೋಡಿದೆ. ಮೆತ್ತಗಿರುವ ಜಾಗ ಒಳಕ್ಕೆ ಇಳಿದು ಸಣ್ಣ ಬಟ್ಟಲಿನಂತಾಗಿತ್ತು. ಹಲ್ಲು, ಜಾಯಿಕಾಯಿ ಎಲ್ಲ ಹೇಳಿದವಳೇ ಅಮ್ಮ, ಆದರೆ ಸರಿಯಾದ ಹೊತ್ತಿಗೆ ಸರಿಯಾದ ಜಾಗ ಮುಟ್ಟಿ ನೋಡಿದವಳೂ ಅವಳೇ.

ತುಮಕೂರು ಸುಮಾರು 70 ಕಿಲೋಮೀಟರ್. ಕಿಬ್ಬನಹಳ್ಳಿ ಕ್ರಾಸ್, ನಿಟ್ಟೂರು, ಗುಬ್ಬಿ. ಎಷ್ಟೋ ಸಲ ಓಡಾಡಿದ ರಸ್ತೆ, ಅವತ್ತು ಹಂಪುಗಳೇ ಜಾಸ್ತಿ ಕಂಡವು. ಹಿಂದಿನ ಸೀಟಿನಲ್ಲಿ ಹೆಂಡತಿ ಕ್ಲಿನಿಕ್ಕಿನವರ ಮಾತು ಮೀರಿ ಮಗುವನ್ನು ಎದೆಗೆ ಹಾಕಿಕೊಂಡಿದ್ದಳು. "ಬೇಡ ಅಂದ್ರು" ಅಂತ ನಾನು ಅಂದೆ. "ಅವರು ಬಂದು ಸಮಾಧಾನ ಮಾಡ್ತಾರಾ?" ಅಂದಳು. ನಾನು ಸುಮ್ನೆ ಗಾಡಿ ಓಡಿಸಿದೆ. ಆ ವಿಷಯದಲ್ಲಿ ಅವಳೇ ಸರಿ. ಭೇದಿಯಾದಾಗ ಎದೆಹಾಲು ಯಾವ ಕಾರಣಕ್ಕೂ ನಿಲ್ಲಿಸಬಾರದಂತೆ.

ಮಕ್ಕಳ ಆಸ್ಪತ್ರೆಯಲ್ಲಿ ಮೊದಲು ತೂಕ. 7 ಕೆಜಿ 800 ಗ್ರಾಂ. ತಿಂಗಳ ಮೊದಲ ವಾರ ಅಂಗನವಾಡಿಯಲ್ಲಿ 8 ಕೆಜಿ 400 ಇತ್ತು, ತಾಯಿ ಕಾರ್ಡ್‌ನಲ್ಲಿ ಬರೆದಿತ್ತು. ಡಾಕ್ಟರಮ್ಮ ಎರಡೂ ಅಂಕಿ ನೋಡಿ, "ಈ 600 ಗ್ರಾಂ ನೀರೇ" ಅಂದರು. ಆಮೇಲೆ ಸಾಲಾಗಿ ಪ್ರಶ್ನೆಗಳು. ಎಷ್ಟು ಸಲ? ಅಮ್ಮ ಹರಿದು ತಂದಿದ್ದ ಕ್ಯಾಲೆಂಡರ್ ಹಾಳೆ ಮುಂದಿಟ್ಟಳು. ಕಡೇ ಸಲ ಮೂತ್ರ ಮಾಡಿದ್ದು ಯಾವಾಗ? ಇದಕ್ಕೆ ನಾವು ಮೂವರೂ ತಬ್ಬಿಬ್ಬು. ಡೈಪರ್ ಪೂರ್ತಿ ಒದ್ದೆಯೇ ಇರುತ್ತಿತ್ತು. ಅದರಲ್ಲಿ ಮೂತ್ರ ಯಾವುದು, ಭೇದಿ ಯಾವುದು? ಹೆಣ್ಣುಮಗುವಿನಲ್ಲಿ ಇದು ಇನ್ನೂ ಕಷ್ಟ ಎಂದು ಅವರೇ ಹೇಳಿದರು.

ನಂತರ ಹೊಟ್ಟೆಯ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಸಾಮಾನ್ಯವಾಗಿ ಅದು ತಟ್ಟನೆ ಹಿಂದಕ್ಕೆ ಹೋಗಬೇಕು. ಪುಟ್ಟಿಯದು ಒಂದು ಕ್ಷಣ ಮಡಿಕೆಯಾಗಿ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು. ನಾನು ನನ್ನ ಕೈಯ ಚರ್ಮ ಎತ್ತಿ ಬಿಟ್ಟು ನೋಡಿಕೊಂಡೆ. ಮೇಷ್ಟ್ರ ಚಟ. ಕೊನೆಗೆ ಒಂದು ಚಮಚದಲ್ಲಿ ಓಆರ್‌ಎಸ್ ಬಾಯಿಯ ಹತ್ತಿರ ಹಿಡಿದರು. ಪುಟ್ಟಿ ಎರಡೂ ಕೈಯಲ್ಲಿ ಚಮಚ ಹಿಡಿದು ಎಳೆದುಕೊಂಡಳು. "ಬಾಯಾರಿಕೆ ಇದೆ, ಕುಡೀತಾಳೆ. ಇನ್ನೂ ಕೈ ಮೀರಿಲ್ಲ" ಅಂದರು. ನಾನು ಕಲಸಿದ ಓಆರ್‌ಎಸ್ ಬಗ್ಗೆ ಕೇಳಿದಾಗ ನಿಜ ಹೇಳಿದೆ. ಅವರು ಬಯ್ಯಲಿಲ್ಲ. ರಕ್ತದಲ್ಲಿ ಸೋಡಿಯಂ ನೋಡಲು ಬರೆದರು. ಅದು 146 ಬಂತು, ಇರಬೇಕಾದ್ದಕ್ಕಿಂತ ಕೂದಲೆಳೆ ಜಾಸ್ತಿ. ಆ ಅಂಕಿ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

"ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿಬಿಡಿ" ಅಂದೆ. ನಮ್ಮ ಕಡೆ ಆಸ್ಪತ್ರೆ ಅಂದರೆ ಗ್ಲೂಕೋಸ್ ಬಾಟ್ಲಿ. ಬಾಟ್ಲಿ ನೇತುಹಾಕಲಿಲ್ಲ ಅಂದರೆ ಏನೂ ಮಾಡಲಿಲ್ಲ ಅಂತಲೇ ಲೆಕ್ಕ. ಅವರು ನಕ್ಕು ಒಂದು ಸ್ಟೀಲ್ ಚಮಚ ನನ್ನ ಕೈಗಿಟ್ಟರು. ಕೆಜಿಗೆ 75 ಎಂಎಲ್, ಒಟ್ಟು ಸುಮಾರು 600 ಎಂಎಲ್, ನಾಲ್ಕು ಗಂಟೆಯಲ್ಲಿ. "ನೀವು ಮೇಷ್ಟ್ರಲ್ವಾ, ಲೆಕ್ಕ ಹಾಕಿ." ಹಾಕಿದೆ. 5 ಎಂಎಲ್ ಚಮಚ, 120 ಚಮಚ, 240 ನಿಮಿಷ. ಎರಡು ನಿಮಿಷಕ್ಕೊಂದು ಚಮಚ.

ಈ ಸಲ ಕಲಸುವುದನ್ನು ನರ್ಸ್ ತೋರಿಸಿಕೊಟ್ಟರು. 1 ಲೀಟರ್ ನೀರಿನ ಬಾಟಲಿ ಸೀಲ್ ತೆಗೆದು, ಒಂದು ಪೂರ್ತಿ ಪ್ಯಾಕೆಟ್ ಹಾಕಿ, ಮುಚ್ಚಳ ಹಾಕಿ ಕುಲುಕಿದರು. ಮುಗೀತು. ಅಳತೆ ಪಾತ್ರೆ ಬೇಡ, ಅಂದಾಜು ಬೇಡ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಬೇಕು. ರುಚಿ ನೋಡಿದೆ. ಕಣ್ಣೀರಿನಷ್ಟು ಉಪ್ಪು, ಅಷ್ಟೇ. ನಾನು ಮಾಡಿದ್ದು ಉಪ್ಪಿನಕಾಯಿ ನೀರು.

120 ಚಮಚ ಹೇಳಲು ಸುಲಭ. ಮೊದಲ ಇಪ್ಪತ್ತು ಚಮಚ ಪುಟ್ಟಿ ಆಸೆಯಿಂದ ಕುಡಿದಳು. ನನಗೆ ಆತುರ. ಇಷ್ಟು ಚೆನ್ನಾಗಿ ಕುಡೀತಾಳಲ್ಲ ಎಂದು ಒಂದರ ಹಿಂದೆ ಒಂದು ಹಾಕಿದೆ. ಮೂವತ್ತನೆಯದಕ್ಕೆ ಎಲ್ಲ ಒಟ್ಟಿಗೆ ವಾಂತಿ. ನರ್ಸ್ ಬಂದು, "ಹತ್ತು ನಿಮಿಷ ಬಿಡಿ, ಆಮೇಲೆ ಇನ್ನೂ ನಿಧಾನಕ್ಕೆ ಹಾಕಿ. ಲೋಟ ಇಟ್ಟರೆ ಗಟಗಟ ಅಂತ ಕುಡಿದು ಕಕ್ತವೆ. ಅದಕ್ಕೇ ಚಮಚ" ಅಂದರು. ಫೋನಿನಲ್ಲಿ ಎರಡು ನಿಮಿಷದ ಅಲಾರಂ ಇಟ್ಟೆ. ಟಿಣ್, ಚಮಚ. ಟಿಣ್, ಚಮಚ. ಹೆಂಡತಿ ಮಡಿಲಲ್ಲಿ ಹಿಡಿದುಕೊಂಡಿದ್ದಳು, ಅಮ್ಮ ಹಾಳೆಯ ಹಿಂಬದಿ ಗೀಟು ಎಳೆಯುತ್ತಿದ್ದಳು, ಐದಕ್ಕೊಂದು ಅಡ್ಡಗೀಟು. ನಡುವೆ ಎದೆಹಾಲು. ಪಕ್ಕದ ಬೆಡ್ಡಿನಲ್ಲಿ ಪಾವಗಡ ಕಡೆಯ ಒಬ್ಬಳು ತಾಯಿ ಒಂಟಿಯಾಗಿ ಇದೇ ಕೆಲಸ ಮಾಡುತ್ತಿದ್ದಳು. ಅವಳ ಹತ್ತಿರ ಅಲಾರಂ ಇರಲಿಲ್ಲ. ನಮ್ಮದು ಟಿಣ್ ಅಂದಾಗ ಅವಳೂ ಒಂದು ಚಮಚ ಹಾಕುತ್ತಿದ್ದಳು.

ಆ ಚಮಚದ ಹಿಂದೆ ಒಂದು ಕಥೆ ಇದೆ, ನಾನು ಆಮೇಲೆ ಓದಿದ್ದು. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ. ಗಡಿ ಹತ್ತಿರದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ನೆಲದ ಮೇಲೆಲ್ಲ ರೋಗಿಗಳು, ಡ್ರಿಪ್ ಬಾಟಲಿ ಮುಗಿದುಹೋಗಿತ್ತು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ನೂರಕ್ಕೆ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಇದರ ಗುಟ್ಟು ಇಷ್ಟೇ: ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಂನ ಕೈ ಹಿಡಿದುಕೊಂಡೇ ಹೋಗುತ್ತದೆ. ಅವೆರಡರ ಹಿಂದೆ ನೀರು ಹೋಗುತ್ತದೆ. ಭೇದಿ ಎಷ್ಟೇ ಜೋರಿದ್ದರೂ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ಎರಡರ ಅಳತೆಯೂ ಸರಿ ಇರಬೇಕು.

ರಾತ್ರಿ ಒಂಬತ್ತರ ಹೊತ್ತಿಗೆ ಪುಟ್ಟಿಯ ಕಣ್ಣು ಸ್ವಲ್ಪ ಮೇಲೆ ಬಂದಿತ್ತು. ಒಂದು ಸಲ ನಕ್ಕಳು ಕೂಡ. ಗೆದ್ದೆವು ಅಂದುಕೊಂಡೆ.

ಒಂದೂವರೆಗೆ ಮತ್ತೆ ಶುರುವಾಯಿತು. ಒಂದು ಗಂಟೆಯೊಳಗೆ ಮೂರು ಸಲ, ಮೂರೂ ದೊಡ್ಡವು. ಹಾಸಿಗೆ, ಹೆಂಡತಿಯ ಸೀರೆ, ನೆಲ ಎಲ್ಲ ಒದ್ದೆ. ಜೊತೆಗೆ ವಾಂತಿ. ಆಮೇಲೆ ಮಗು ಸುಮ್ಮನಾಯಿತು. ನಿದ್ದೆ ಬಂತು ಪಾಪ ಅಂದುಕೊಂಡೆ. ಟಿಣ್ ಅಂತು, ಚಮಚ ತುಟಿಗೆ ಇಟ್ಟೆ. ನುಂಗಲಿಲ್ಲ. ಬಾಯಿಯ ಪಕ್ಕದಿಂದ ಹರಿದು ಕಿವಿಯ ಹಿಂದೆ ಹೋಯಿತು. ಕೈ ಎತ್ತಿದರೆ ಹಿಂಡಿದ ಬಟ್ಟೆಯ ಹಾಗೆ ಬಿತ್ತು. ನರ್ಸ್ ಬಂದು ಹೊಟ್ಟೆಯ ಚರ್ಮ ಎತ್ತಿ ಬಿಟ್ಟರು. ಈ ಸಲ ಮಡಿಕೆ ನಿಂತೇ ಇತ್ತು. ನಾನು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿದೆ. ಅವರು ಓಡಿದರು.

ಮಗುವಿನ ನರ ಹುಡುಕುವುದನ್ನು ಯಾವ ಅಪ್ಪನೂ ನೋಡಬಾರದು. ನೀರಿಲ್ಲದ ಮೈಯಲ್ಲಿ ನರ ಕಾಣುವುದಿಲ್ಲ. ಬಲಗೈ, ಪಾದ, ಕೊನೆಗೆ ಅಂಗೈ ಕೆಳಗೆ ಟಾರ್ಚ್ ಹಿಡಿದು ಎಡಗೈ. ಸೂಜಿ ಚುಚ್ಚಿದಾಗ ಅವಳು ಅಳದೇ ಇದ್ದದ್ದು ನನಗೆ ಎಲ್ಲಕ್ಕಿಂತ ಭಯವಾದದ್ದು. ಸೂಜಿ ಸಿಕ್ಕಿತು. ಔಷಧಿ ಡಬ್ಬದ ರಟ್ಟು ಕತ್ತರಿಸಿ, ಹತ್ತಿ ಸುತ್ತಿ, ಕೈಗೆ ಪಟ್ಟಿ ಕಟ್ಟಿದರು. ನಾನು ಬೇಡಿದ್ದ ಬಾಟ್ಲಿ ಕೊನೆಗೂ ನೇತಾಡಿತು. ಹತ್ತಿರ ಹೋಗಿ ಓದಿದೆ. ಗ್ಲೂಕೋಸ್ ಅಲ್ಲ, ರಿಂಗರ್ ಲ್ಯಾಕ್ಟೇಟ್. ಅದರಲ್ಲಿ ಗ್ಲೂಕೋಸೇ ಇಲ್ಲ. ಉಪ್ಪಿನಂಶದ ನೀರು. ಮೊದಲ ಒಂದು ಗಂಟೆಯಲ್ಲಿ 230 ಎಂಎಲ್, ಮುಂದಿನ ಐದು ಗಂಟೆಯಲ್ಲಿ ಸುಮಾರು 550. ಅದನ್ನೂ ಡ್ಯೂಟಿ ಡಾಕ್ಟರು ತೂಕದ ಲೆಕ್ಕದಲ್ಲೇ ಬರೆದರು.

ನಾಲ್ಕು ಗಂಟೆಗೆ ಪುಟ್ಟಿ ಕಣ್ಣು ಬಿಟ್ಟು ತನ್ನ ಅಮ್ಮನ ರವಿಕೆ ಎಳೆದಳು. ಹಾಲು ಕುಡಿದಳು. ನರ್ಸ್ ಡೈಪರ್ ತೆಗೆಸಿ ಮುಂಭಾಗಕ್ಕೆ ಬೇರೆಯಾಗಿ ಒಂದು ಹತ್ತಿಯ ಉಂಡೆ ಇಟ್ಟರು, ಮೂತ್ರ ಬಂದರೆ ಗೊತ್ತಾಗಲಿ ಅಂತ. ಆಮೇಲೆ ಮೂರು ಗಂಟೆ ನಾವು ಮೂವರು ದೊಡ್ಡವರು ಒಂದು ಹತ್ತಿ ಉಂಡೆಯನ್ನು ಕಾಯ್ದೆವು. ಏಳಕ್ಕೆ ಅಮ್ಮ ಮುಟ್ಟಿ ನೋಡಿ, "ಒದ್ದೆಯಾಗಿದೆ!" ಎಂದು ಕೂಗಿದ್ದಕ್ಕೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ಪಾವಗಡದ ತಾಯಿ ನಕ್ಕಳು. ಅವಳ ಮಗುವಿಗೆ ಡ್ರಿಪ್ಪೇ ಬೇಕಾಗಲಿಲ್ಲ. ಅಲಾರಂ ಇಲ್ಲದೆ, ಬರೀ ಚಮಚದಲ್ಲೇ ದಾಟಿತು. ಎಂಟಕ್ಕೆ ಕೈಯ ಪ್ಲಾಸ್ಟರ್ ಬದಲಾಯಿಸಲು ಬಂದರು. ಎಳೆದಾಗ ಪುಟ್ಟಿ ವಾರ್ಡ್ ಹಾರಿಹೋಗುವಂತೆ ಕಿರುಚಿದಳು, ಕೆನ್ನೆ ಮೇಲೆ ಎರಡು ದಪ್ಪ ಹನಿ ಇಳಿದವು. "ಬಂತು ನೋಡಿ ಕಣ್ಣೀರು" ಅಂದರು ನರ್ಸ್. ಹೆಂಡತಿ ಅದನ್ನು ಒರೆಸಲಿಲ್ಲ, ಹಾಗೇ ಬಿಟ್ಟಳು.

ಇಷ್ಟು ಹೊತ್ತೂ ಕಾಯಿಲೆಯ ಹೆಸರು ಯಾರೂ ಹೇಳಿರಲಿಲ್ಲ. ನಾನೇ ಕೇಳಿದೆ. "ಬಹುಶಃ ರೋಟಾ ವೈರಸ್. ಚಳಿಗಾಲ, ಮೊದಲು ಜ್ವರ ವಾಂತಿ, ಆಮೇಲೆ ನೀರು ಭೇದಿ. ರಕ್ತ ಇಲ್ಲ" ಅಂದರು ಡಾಕ್ಟರಮ್ಮ. ಟೆಸ್ಟ್ ಮಾಡಬಹುದು, ಆದರೆ ಏನು ಬಂದರೂ ಚಿಕಿತ್ಸೆ ಬದಲಾಗಲ್ಲ ಅಂದರು. ನನ್ನ ಸಮಾಧಾನಕ್ಕೆ ಮಾಡಿಸಿದೆ. ಕೋವಿಡ್ ಕಾರ್ಡಿನಂಥದ್ದೇ ಕಾರ್ಡು, ಎರಡು ಗೆರೆ ಬಂತು. ರೋಟಾ. ಲ್ಯಾಟಿನ್‌ನಲ್ಲಿ ಚಕ್ರ. 1973ರಲ್ಲಿ ಮೆಲ್ಬೋರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಜೊತೆಗಾರರು ಭೇದಿಯಾದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಂಡದ್ದು ಇದು. ಗಾಡಿಚಕ್ರದಂತೆ ಅರೆಕಾಲು, ಪಟ್ಟಿ ಎಲ್ಲ ಇದ್ದಂತೆ ಕಾಣುತ್ತದೆ. ವೈರಸ್ ಆದ್ದರಿಂದ ಆಂಟಿಬಯಾಟಿಕ್‌ಗೆ ಇಲ್ಲಿ ಏನೂ ಕೆಲಸವಿಲ್ಲ. ಬ್ಯಾಗಿನಲ್ಲಿದ್ದ ಸಿರಪ್ ಬಾಟಲಿಯನ್ನು ಅವರೇ ತೆಗೆದು ಪಕ್ಕಕ್ಕಿಟ್ಟರು.

"ಆದರೆ ರೋಟಾ ಹನಿ ಮೂರೂ ಹಾಕಿಸಿದ್ದೀವಲ್ಲ ಮೇಡಂ?" ತಾಯಿ ಕಾರ್ಡ್ ತೆಗೆದು ತೋರಿಸಿದೆ. ಆರು, ಹತ್ತು, ಹದಿನಾಲ್ಕು ವಾರ, ಮೂರೂ ಕಡೆ ತಾರೀಕು. ದನಿ ಸ್ವಲ್ಪ ಏರಿತ್ತು. ಅವರು ಸಮಾಧಾನವಾಗಿಯೇ ಹೇಳಿದರು. ಈ ಹನಿ ಪ್ರತಿ ಮಗುವಿಗೂ ಪೂರ್ತಿ ತಡೆ ಕೊಡುವುದಿಲ್ಲ. ದಿಲ್ಲಿ, ಪುಣೆ, ವೆಲ್ಲೂರಿನಲ್ಲಿ ಸುಮಾರು 6,800 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ನಮ್ಮ ದೇಶದ ಲಸಿಕೆ ಮೊದಲ ವರ್ಷ ತೀವ್ರ ರೋಟಾ ಭೇದಿಯನ್ನು ನೂರಕ್ಕೆ 56ರಷ್ಟು ತಡೆಯಿತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ಮಗು ಉಳಿದ ಅರ್ಧದಲ್ಲಿ ಬಂತು. "ಲಸಿಕೆ ಬರೋಕೆ ಮುಂಚೆ, ಭೇದಿ ಅಂತ ಅಡ್ಮಿಟ್ ಆಗ್ತಿದ್ದ ಪುಟ್ಟ ಮಕ್ಕಳಲ್ಲಿ ಹತ್ತಕ್ಕೆ ನಾಲ್ಕು ರೋಟಾನೇ ಇರ್ತಿತ್ತು" ಅಂದರು. ಲೆಕ್ಕ ಅರ್ಥವಾಯಿತು. ಅಪ್ಪನಾಗಿ ಪೂರ್ತಿ ಒಪ್ಪಲು ಇನ್ನೂ ಎರಡು ದಿನ ಬೇಕಾಯಿತು.

ಈ ಲಸಿಕೆಯ ಮೂಲ ಓದಿ ನನಗೆ ಮಜಾ ಅನ್ನಿಸಿತು. 1980ರ ದಶಕದಲ್ಲಿ ದಿಲ್ಲಿಯ ಏಮ್ಸ್‌ನಲ್ಲಿ ಹುಟ್ಟಿದ ಕೆಲವು ಶಿಶುಗಳಲ್ಲಿ ರೋಟಾ ಇತ್ತು, ಆದರೆ ಭೇದಿ ಇರಲಿಲ್ಲ. ಎಂ.ಕೆ. ಭಾನ್ ಮತ್ತು ಸಂಗಡಿಗರು ಆ ಸಾಧು ವೈರಸ್ಸನ್ನೇ ಹಿಡಿದರು. ಹೆಸರು 116ಇ. ಅದೇ ತರಹದ್ದು ಬೆಂಗಳೂರಿನ ಶಿಶುಗಳಲ್ಲೂ ಸಿಕ್ಕಿತ್ತು, ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ತಂಡಕ್ಕೆ. ಅದು ಐ321. ಎರಡನ್ನೂ ಪರೀಕ್ಷೆಗೆ ಹಚ್ಚಿದಾಗ ಬೆಂಗಳೂರಿನದು ಹಿಂದೆ ಬಿತ್ತು, ದಿಲ್ಲಿಯದು ಗೆದ್ದು ಹನಿಯಾಯಿತು. 2016ರ ಮಾರ್ಚ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ರೋಟಾ ಲಸಿಕೆ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿತು, 2019ರ ಹೊತ್ತಿಗೆ ಕರ್ನಾಟಕವೂ ಸೇರಿ ಎಲ್ಲ ಕಡೆ ಬಂತು. ನಮ್ಮೂರಿನ ಆಶಾ ಕಾರ್ಯಕರ್ತೆ ಪುಟ್ಟಿಯ ಬಾಯಿಗೆ ಹನಿ ಬಿಡಿಸಿದ ದಿನ ನಾನು ಫೋನ್ ನೋಡುತ್ತಾ ಕೂತಿದ್ದೆ.

ಮಂಗಳವಾರ ಬಿಟ್ಟು ಕಳಿಸಿದರು. ಭೇದಿ ಪೂರ್ತಿ ನಿಂತಿರಲಿಲ್ಲ, ದಿನಕ್ಕೆ ನಾಲ್ಕು ಸಲ ಆಗುತ್ತಿತ್ತು. "ನಿಲ್ಲಿಸೋದು ನಮ್ಮ ಕೆಲಸ ಅಲ್ಲ, ಅದೇ ನಿಲ್ಲತ್ತೆ. ಹೋದಷ್ಟು ತುಂಬಿಸ್ತಾ ಇರಿ" ಅಂದರು. ಜೊತೆಗೆ ಸತುವಿನ ಮಾತ್ರೆ, 20 ಮಿಲಿಗ್ರಾಂ, ದಿನಕ್ಕೊಂದು, 14 ದಿನ. ಎದೆಹಾಲು ಅಥವಾ ನೀರಿನ ಒಂದು ಚಮಚದಲ್ಲಿ ಕರಗಿಸಿ ಕೊಡಬೇಕು. ಒಂದು ವಾರಕ್ಕೆ ಮಗು ಪೂರ್ತಿ ಚೆನ್ನಾಯಿತು, ಇನ್ನು ಯಾಕೆ ಎಂದು ನಿಲ್ಲಿಸಬೇಕು ಅನ್ನಿಸಿತ್ತು. ಕ್ಯಾಲೆಂಡರ್ ಮೇಲೆ ಅಮ್ಮ 14 ಗೀಟು ಮೊದಲೇ ಎಳೆದಿಟ್ಟಿದ್ದಳು, ಹಾಗಾಗಿ ತಪ್ಪಿಸಿಕೊಳ್ಳಲು ಆಗಲಿಲ್ಲ.

ಮನೆಗೆ ಬಂದಮೇಲಿನ ಕಷ್ಟ ಯಾರೂ ಹೇಳಿರಲಿಲ್ಲ. ಹುಳಿ ಭೇದಿಗೆ ಪುಟ್ಟಿಯ ಅಂಡು ಸುಟ್ಟ ಹಾಗೆ ಕೆಂಪಾಗಿತ್ತು. ಡೈಪರ್ ಬಿಟ್ಟು, ಹಳೇ ಪಂಚೆಯ ತುಂಡು ಹಾಕಿ, ಬೆಚ್ಚಗಿನ ನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿದೆವು. ತಿಪಟೂರಿನವರಿಗೆ ಅದಕ್ಕೇನೂ ಬರವಿಲ್ಲ. ಹೆಂಡತಿಗೆ ಎರಡು ದಿನ ಹೊಟ್ಟೆ ನೋವು, ನನಗೂ ಒಂದು ದಿನ ವಾಂತಿ. ದೊಡ್ಡವರಿಗೆ ಬಂದರೂ ಹಗುರವಾಗಿ ಹೋಗುತ್ತದೆ. ಕೈ, ಆಟಿಕೆ, ಬಾಗಿಲ ಹಿಡಿ, ಎಲ್ಲದರ ಮೇಲೂ ಆ ವೈರಸ್ ಬಹಳ ಹೊತ್ತು ಬದುಕುತ್ತದಂತೆ. ಮಗು ತೊಳೆದ ಪ್ರತಿ ಸಲವೂ ಸೋಪಿನಲ್ಲಿ ಕೈ ತೊಳೆದು ತೊಳೆದು ಅಮ್ಮನ ಬೆರಳು ಬಿರುಕು ಬಿಟ್ಟವು.

ಅಮ್ಮನ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಮೊದಲ ದಿನ ಅವಳು ಅನ್ನದ ಗಂಜಿ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸಲು ಹೋಗಿದ್ದಳು. "ಅದೆಲ್ಲ ಬೇಡ, ಓಆರ್‌ಎಸ್ ತಂದಿದ್ದೀನಿ" ಎಂದು ನಾನೇ ತಡೆದಿದ್ದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮನೆಯಲ್ಲಿ ಏನು ಕೊಡಬಹುದು ಎಂಬ ಕಡೆ ಡಾಕ್ಟರಮ್ಮ ಬರೆದಿದ್ದರು: ಎದೆಹಾಲು, ಉಪ್ಪು ಹಾಕಿದ ಗಂಜಿ ತಿಳಿ, ಉಪ್ಪು ಹಾಕಿದ ಮಜ್ಜಿಗೆ. ಅಮ್ಮನಿಗೆ ಅದನ್ನು ಓದಿ ಹೇಳಿದ್ದು ನನ್ನ ಹೆಂಡತಿ. ಎರಡು ಸಲ ಓದಿದಳು.

ಕಳೆದ ವರ್ಷ ಪಕ್ಕದ ಮನೆಯ ಮಗುವಿಗೆ ಭೇದಿಯಾದಾಗ ಅವರು ಓಆರ್‌ಎಸ್ ಪ್ಯಾಕೆಟ್ ಹಿಡಿದು ನಮ್ಮಲ್ಲಿಗೆ ಬಂದರು. ಮೇಷ್ಟ್ರ ಮನೆ, ಸರಿಯಾಗಿ ಹೇಳುತ್ತಾರೆ ಅಂತ. ನಾನು ಎದ್ದು ಕೈ ಚಾಚಿದೆ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಕುತ್ತಿಗೆಗೆ ಕೆಂಪು ದಾರ ಕಟ್ಟಿದ ಒಂದು ಲೀಟರ್ ಬಾಟಲಿ ಹಿಡಿದು ಬಂದಳು. ಬೇರೆ ಯಾವುದಕ್ಕೂ ಯಾರೂ ಬಳಸಬಾರದು ಎಂದು ಗುರುತಿಗೆ ಕಟ್ಟಿದ್ದು.

"ನೀನು ಕೂತ್ಕೋ" ಅಂದಳು. "ನಾನು ಕಲಸ್ತೀನಿ."